ಹಳೆ ಟೆಂಪೊದಾಗ ಮೊದಲು ಕೂಡಿಸಿದ್ದು ನೀರಿನ ಟಾಕಿ



ಗಾಂಧಿ ಚೌಕಿನಲ್ಲಿ ಚಹಾ ಕುಡಿಯಲು ನಿಂತರೆ ಸಾಕು, ಈಗ ಎಲ್ಲರದೂ ಒಂದೇ ಪ್ರಶ್ನೆ. "ಏನಣ್ಣಾ, ಟೆಂಪೊ ತಗೊಂಡ್ಯಂತ, ಬಾಡಿಗಿ ಹೊಡಿತೀಯೇನು?" ಬಾಡಿಗಿಗಲ್ಲಪಾ, ಮನಿಮಂದಿ ಕೂಡಿ ಊರೂರು ಅಡ್ಡಾಡಾಕ, ಅದ್ರಾಗ ಮಲಗಾಕ, ದಾರ್ಯಾಗ ಅಡಗಿ ಮಾಡ್ಕೊಂಡು ಉಣ್ಣಾಕ ಅಂದರೆ ನಗುತ್ತಾರೆ. ಸಂಘಟನೆಯ ಹುಡುಗರೂ ನಗುತ್ತಾರೆ. "ಅಣ್ಣ ಸಾವ್ಕಾರ ಆಗ್ಯಾನ" ಅಂತ ಒಬ್ಬ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿದೆ, ಎಲ್ಲರಿಗೂ ಸೇರಿಸಿ ಇಲ್ಲೇ ಬರೆದುಬಿಡ್ತೀನಿ. ಉದ್ದ ಆಗ್ತದ, ಪುರುಸೊತ್ತು ಇದ್ದವರು ಓದ್ರಿ.

ಗಾಡಿ 2008ರ ಟೆಂಪೊ ಟ್ರಾವೆಲರ್. ಒಂದು ಶಾಲೆಯವರು ಮಕ್ಕಳನ್ನು ಒಯ್ಯಲು ಇಟ್ಟುಕೊಂಡಿದ್ದು, ಹೊಸ ಬಸ್ಸು ಬಂದ ಮೇಲೆ ಎರಡು ವರ್ಷ ಬೇವಿನ ಗಿಡದ ಬುಡಕ್ಕೆ ನಿಂತುಬಿಟ್ಟಿತ್ತು. ಒಂದು ಲಕ್ಷ ಹತ್ತು ಸಾವಿರಕ್ಕೆ ಮಾತಾಯಿತು. ಹೆಂಡತಿ ಚೀಟಿ ಎತ್ತಿದಳು, ಉಳಿದದ್ದಕ್ಕೆ ನಾನು ಸೊಸೈಟಿಯಲ್ಲಿ ಸಾಲ ತೆಗೆದೆ. ಸಾವ್ಕಾರ ಆದವನ ಲೆಕ್ಕ ಇಷ್ಟೇ.

ಇದು ನನ್ನ ತಲೆಯಿಂದ ಬಂದ ಐಡಿಯಾ ಅಲ್ಲ, ಮಗಳದು. ಅಮೆರಿಕದಲ್ಲಿ ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಸಣ್ಣ ಗಾಲಿ ಮನೆಗಳಿರುತ್ತವೆ, ಟ್ರಾವೆಲ್ ಟ್ರೇಲರ್ ಅಂತಾರೆ. ಹಳೆಯದನ್ನು ಕೊಂಡು, ಗಂಡ ಹೆಂಡತಿ ಕೂಡಿ ರಿಪೇರಿ ಮಾಡಿ, ಮಕ್ಕಳನ್ನು ಕಟ್ಟಿಕೊಂಡು ಕಾಡು ಕೆರೆ ಅಂತ ಹೋಗುತ್ತಾರೆ. ಅದನ್ನೇ ಯೂಟ್ಯೂಬಿನಲ್ಲಿ ತೋರಿಸಿ, "ಅಪ್ಪಾ, ನಾವೂ ಮಾಡೂಣು" ಅಂದಳು. ನಮ್ಮ ಕಡೆ ಟ್ರೇಲರ್ ಅಂದರೆ ಕಬ್ಬಿನ ಟ್ರೇಲರ್. ಕಬ್ಬಿನ ಹಂಗಾಮು ಬಂದರೆ ನಮ್ಮ ಜಿಲ್ಲೆಯ ತಾಂಡಾಗಳಿಂದ, ಕೇರಿಗಳಿಂದ ಗಂಡ, ಹೆಂಡತಿ, ಕೂಸು, ಕೋಳಿ ಸಮೇತ ಅದನ್ನು ಹತ್ತಿ ಮಹಾರಾಷ್ಟ್ರಕ್ಕೆ, ಬೆಳಗಾವಿ ಕಡೆಗೆ ಕಡಿಯಲು ಹೋಗುತ್ತಾರೆ. ತಿಂಗಳುಗಟ್ಟಲೆ ಹೊಲದ ಬದುವಿನಲ್ಲಿ ತಾಡಪತ್ರಿ ಗುಡಿಸಲು. ಅದನ್ನು ಯಾರೂ ಕ್ಯಾಂಪಿಂಗ್ ಅನ್ನೋದಿಲ್ಲ.

ಹೆಂಡತಿಯ ತಮ್ಮ ಬಬಲೇಶ್ವರದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಗಾಡಿ ನೋಡಲು ಅವನನ್ನೇ ಕರೆದೊಯ್ದಿದ್ದೆ. ನಾನು ಸೀಟು, ಕಿಟಕಿ ನೋಡುತ್ತಿದ್ದರೆ ಅವನು ಸ್ಕ್ರೂಡ್ರೈವರ್ ಮತ್ತು ಒಂದು ಸಣ್ಣ ಅಯಸ್ಕಾಂತ ಹಿಡಿದು ಗಾಡಿ ಕೆಳಗೆ ಹೊಕ್ಕಿದ್ದ. "ಮಾಮಾ, ಬಣ್ಣ ಏನ್ ನೋಡ್ತೀರಿ, ಚಾಸಿ ನೋಡ್ರಿ ಮೊದಲ." ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಅಯಸ್ಕಾಂತ ಕಚ್ಚುವುದಿಲ್ಲ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೇ ಹೋಗುತ್ತದೆ. ಚಾಸಿ ಗಟ್ಟಿ ಇತ್ತು. ಹಿಂದಿನ ಬಾಗಿಲ ಹತ್ತಿರ ತಳದ ಪತ್ರಾ ಮಾತ್ರ ಹಪ್ಪಳ ಆಗಿತ್ತು. ಎಂಜಿನ್ ಮರ್ಸಿಡಿಸಿನ ಹಳೆ ವಿನ್ಯಾಸದಿಂದ ಬಂದ ಡೀಸೆಲ್ ಎಂಜಿನ್, ನಮ್ಮ ಊರುಗಳ ಮಿಸ್ತ್ರಿಗಳಿಗೆಲ್ಲ ಪರಿಚಯದ್ದು. ಹಾಗಾಗಿ ಅದರ ಚಿಂತೆ ಅವನಿಗೆ ಬಿಟ್ಟೆ.

ಹಳೆ ಗಾಡಿ ಕೊಳ್ಳುವವರಿಗೆ ಎರಡು ಮಾತು. ಟೈರಿನ ಹಲ್ಲು ಚಲೋ ಕಾಣಿಸಿದರೆ ಟೈರು ಚಲೋ ಅಂತ ತಿಳೀಬ್ಯಾಡ್ರಿ. ಪಕ್ಕದಲ್ಲಿ ನಾಲ್ಕು ಅಂಕಿ ಇರ್ತಾವ. ನಮ್ಮದರಲ್ಲಿ 1413 ಅಂತ ಇತ್ತು, ಅಂದರೆ 2013ರ ಹದಿನಾಲ್ಕನೇ ವಾರದಲ್ಲಿ ತಯಾರಾದದ್ದು. ನಿಂತಲ್ಲೇ ಬಿಸಿಲಿಗೆ ರಬ್ಬರು ಸೀಳಿತ್ತು. ಎಲ್ಲಾ ಬದಲಿಸಿದೆವು, ಅಲ್ಲೇ ದೊಡ್ಡ ರೊಕ್ಕ ಹೋಯಿತು. ಬ್ರೇಕಿನ ಎಣ್ಣೆ, ರಬ್ಬರು ವಾಷರು, ಗಾಲಿ ಬೇರಿಂಗಿನ ಗ್ರೀಸು, ಇವು ಕಣ್ಣಿಗೆ ಕಾಣದ ಖರ್ಚು. ಆದರೂ ಗಾದಿ, ಪರದೆಗಳಿಗಿಂತ ಮೊದಲು ಇವೇ ಆಗಬೇಕು.

ಇನ್ನೊಂದು ಮಾತು ಛತ್ತಿಂದು. ಹಳೆ ಗಾಡಿಯನ್ನು ತಿನ್ನುವುದು ಮೇಲಿಂದ ಇಳಿಯುವ ನೀರು. ನಾನು ಒಳಗೆ ಬ್ಯಾಟರಿ ಹಿಡಿದು ಕೂತೆ, ಮಗಳು ಹೊರಗಿನಿಂದ ಪೈಪು ಹಿಡಿದಳು. ನೀರನ್ನು ಕೆಳಗಿನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಮೇಲೆ ಒಯ್ಯಬೇಕು. ಮೇಲಿಂದಲೇ ಸುರಿದರೆ ಎಲ್ಲಿ ಸೋರುತ್ತಿದೆ ಅಂತ ತಿಳಿಯುವುದೇ ಇಲ್ಲ. ಶಾಲೆಯ ಬೋರ್ಡು ಕೂಡಿಸಿದ್ದ ನಾಲ್ಕು ತೂತಿನಿಂದ ಹನಿ ಬರುತ್ತಿತ್ತು. ಹಳೆ ಸೀಲು ಪೂರ್ತಿ ಕೆತ್ತಿ, ಒಣಗಿಸಿ, ಹೊಸ ಸೀಲೆಂಟ್ ತುಂಬಿದೆವು. ಕೊಳೆತ ಪತ್ರಾ ಕತ್ತರಿಸಿ ಹೊಸದು ವೆಲ್ಡಿಂಗ್, ಮೇಲೆ ಎರಡು ಕೈ ರೆಡ್ ಆಕ್ಸೈಡ್, ಅದರ ಮೇಲೆ ವಾಟರ್‌ಪ್ರೂಫ್ ಪ್ಲೈ. ಎರಡು ಬದಿಗೆ ಉದ್ದ ಪೆಟ್ಟಿಗೆ. ಹಗಲು ಅದೇ ಕೂರುವ ಕಟ್ಟೆ, ರಾತ್ರಿ ನಡುವೆ ಹಲಗೆ ಹಾಕಿದರೆ ಹಾಸಿಗೆ. ಅವ್ವ ಹಳೆ ಸೀರೆಗಳಿಂದ ಕೌದಿ ಹೊಲಿದಳು, ಕಿಟಕಿಗೂ ಅವೇ. ಟಿಕೋಟಾ ಕಡೆ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕೆಲಸ ಮಾಡುವ ಗೆಳೆಯ ಹಳೆ ಹಸಿರು ನೆಟ್ಟು ಕೊಟ್ಟ. ಬಾಗಿಲ ಮುಂದೆ ಎರಡು ಕೋಲಿಗೆ ಕಟ್ಟಿದರೆ ನಮ್ಮ ಬಿಸಿಲಿಗೂ ಅದು ಸಾಕಾದ ಚಪ್ಪರ.

ಇದೆಲ್ಲ ಆಮೇಲಿನದು. ತಳ ಒಣಗಿದ ದಿನವೇ ಮನೆಯಲ್ಲಿ ಮೊದಲು ಏನು ಕೂಡಿಸಬೇಕು ಅಂತ ಚರ್ಚೆ ಎದ್ದಿತು. ಮಗಳಿಗೆ ಫ್ಯಾನು, ಲೈಟು. ಹೆಂಡತಿಗೆ ಒಲೆಯ ಜಾಗ. ಚಿಗವ್ವ ಮೂಲೆಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. "ನೀರಿಂದು ಮೊದಲ ಕೂಡಸ್ರಿ. ಟಾಕಿ ನನ್ನ ರೊಕ್ಕದಾಗ ತರ್ರಿ" ಅಂದಳು.

ಚಿಗವ್ವ ಅಂದರೆ ಅವ್ವನ ತಂಗಿ. ಅವಳ ರೊಕ್ಕ ಅಂದರೆ ಸರ್ಕಾರ ಮಾಜಿ ದೇವದಾಸಿಯರಿಗೆ ಕೊಡುವ ಮಾಸಾಶನ.

ಮುತ್ಯಾನ ಹತ್ತಿರ ಒಂದು ಚಕ್ಕಡಿ ಇತ್ತು. ಭಾರತ ಹುಣ್ಣಿವಿ ಬಂತೆಂದರೆ ಅದಕ್ಕೆ ಬಿದಿರಿನ ಕಮಾನು ಕಟ್ಟಿ, ಮೇಲೆ ತಾಡಪತ್ರಿ ಹೊದಿಸಿ, ಗಾಲಿಯ ಅಚ್ಚಿಗೆ ಎಣ್ಣೆ ಬಿಟ್ಟು, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುತ್ತಿದ್ದರು. ದಾರಿಯಲ್ಲೇ ನಾಲ್ಕೈದು ದಿನ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಗಂಟಿನಲ್ಲಿರುತ್ತಿತ್ತು, ತಿಂಗಳಾದರೂ ಕೆಡುವುದಿಲ್ಲ. ಕೆಡದೆ ಒಯ್ಯಲಾಗದ್ದು ನೀರೊಂದೇ. ಊರು ಬಂದಾಗ ಮುತ್ಯಾ ಚಕ್ಕಡಿ ದೂರ ನಿಲ್ಲಿಸಿ, ಬಾವಿಯ ಹತ್ತಿರ ಹೋಗದೆ, ಯಾರಾದರೂ ಸೇದುವವರು ಬರುವ ತನಕ ಕಾಯುತ್ತಿದ್ದನಂತೆ. ಬಂದವರ ಮನಸ್ಸಿದ್ದರೆ ಮೇಲಿಂದ ಕೊಡಕ್ಕೆ ಸುರಿಯುತ್ತಿದ್ದರು. ಒಮ್ಮೆ ಮಧ್ಯಾಹ್ನದಿಂದ ಹೊತ್ತು ಮುಳುಗುವ ತನಕ ಯಾರೂ ಸುರಿಯಲಿಲ್ಲ, ಅವ್ವನಿಗೆ ಆಗ ಆರೋ ಏಳೋ ವರ್ಷ. ಆ ಊರಿನ ಹೆಸರು ಅವಳಿಗೆ ಇಂದಿಗೂ ನೆನಪಿದೆ. ನಾನು ಬರೆಯುವುದಿಲ್ಲ.

ಇನ್ನೊಂದು ವರ್ಷದ ಪ್ರಯಾಣದಲ್ಲಿ ಚಿಗವ್ವನಿಗೆ ಮುತ್ತು ಕಟ್ಟಿಸಿದರು. ನಮ್ಮ ಬಿಜಾಪುರ ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲೇ, ದೇವದಾಸಿ ರಕ್ಷಣೆಗೆ ಕಾಯ್ದೆ ಆಗಿತ್ತು. ಕರ್ನಾಟಕದ ಕಾಯ್ದೆ ಬಂದದ್ದು 1982ರಲ್ಲಿ. ಚಿಗವ್ವನದು ಈ ಎರಡರ ನಡುವೆ. ಆ ವರ್ಷದ ಮೇಲೆ ಅವ್ವ ಚಕ್ಕಡಿ ಹತ್ತಲಿಲ್ಲ. ಮುಂದೆ ಮದುವೆ, ಕೂಲಿ, ಆಸ್ಪತ್ರೆ, ಇದಕ್ಕೆ ಬಿಟ್ಟರೆ ಊರು ದಾಟಿದವಳಲ್ಲ. ಎಪ್ಪತ್ತರ ಹತ್ತಿರ ಬಂದಿದ್ದಾಳೆ, ಸುಮ್ಮನೆ ಸಂತೋಷಕ್ಕೆ ಅಂತ ಎಲ್ಲಿಗೂ ಹೋದವಳಲ್ಲ.

ಟಾಕಿಯ ಬಗ್ಗೆಯೂ ಹೇಳಿಬಿಡುತ್ತೇನೆ. ನೂರು ಲೀಟರಿನ ಒಂದರ ಬದಲು ಐವತ್ತರ ಎರಡು ತಂದೆವು. ಒಂದು ಲೀಟರ್ ನೀರು ಅಂದರೆ ಒಂದು ಕಿಲೊ. ಅರ್ಧ ತುಂಬಿದ ದೊಡ್ಡ ಟಾಕಿಯಲ್ಲಿ ನೀರು ಹೊಯ್ದಾಡಿದರೆ ತಿರುವಿನಲ್ಲಿ ಗಾಡಿಯನ್ನೇ ಎಳೆಯುತ್ತದೆ. ಎರಡನ್ನೂ ಹಿಂದಿನ ಗಾಲಿಗಿಂತ ಮುಂದೆ, ಆದಷ್ಟು ತಳಕ್ಕೆ, ಎಡಕ್ಕೊಂದು ಬಲಕ್ಕೊಂದು, ಪಟ್ಟಿ ಹಾಕಿ ಬಿಗಿದೆವು. ನಳವನ್ನು ಗಾಡಿಯ ಹೊರಗೆ ಕೊಟ್ಟೆವು. ಒಳಗೆ ಕೊಟ್ಟರೆ ಸಾಕಿತ್ತಲ್ಲ ಅಂತ ವೆಲ್ಡಿಂಗಿನವನು ಕೇಳಿದ. ಹೊರಗೆ ಇರಲಿ, ಬೇಕಾದವರು ಯಾರಾದರೂ ಹಿಡಿದುಕೊಳ್ಳಲಿ ಅಂತ ಅವ್ವನೇ ಹೇಳಿದ್ದು.

ಟಾಕಿಯ ಫೋಟೊ ಹಾಕಿದ ದಿನ ಹಳೆ ಸಂಗಾತಿಯೊಬ್ಬರು ಫೋನ್ ಮಾಡಿದರು. ವಯಸ್ಸಿನಲ್ಲಿ ಹಿರಿಯರು, ಸೆರೆಮನೆ ಕಂಡವರು. ಅವರ ಸಿಟ್ಟು ಹೀಗಿತ್ತು: "ಬಾಬಾಸಾಹೇಬ್ರು 1927ರಾಗ ಮಹಾಡದ ಚವದಾರ ಕೆರಿಗೆ ಇಳಿದು ನೀರು ಕುಡದ್ರು. ಊರಿನ ನೀರು ನಮ್ದೂ ಅಂತ ಹೇಳಾಕ. ನೀ ನೋಡಿದ್ರ ನಿನ್ನ ನೀರು ನೀನ ಹೊತ್ಕೊಂಡು ಹೊಂಟೀಯಲ್ಲೊ ತಮ್ಮಾ. ಇದು ಹಿಂದಕ್ಕ ಸರದಂಗ ಅಲ್ಲೇನು?"

ಪ್ರಶ್ನೆ ಸಣ್ಣದಲ್ಲ. ಅವತ್ತು ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ನೆನಪಿರಬೇಕು. 1901ರಲ್ಲಿ ಭೀಮರಾವ್ ಎಂಬ ಹುಡುಗ ಅಣ್ಣನ ಜೊತೆ, ಅಕ್ಕನ ಮಗನ ಜೊತೆ ಸಾತಾರೆಯಿಂದ ಅಪ್ಪನಿದ್ದ ಊರಿಗೆ ಹೊರಟ. ಮಸೂರ ಸ್ಟೇಷನ್ನಿನಲ್ಲಿ ಇಳಿದರು. ಜಾತಿ ಗೊತ್ತಾದ ಮೇಲೆ ಎರಡು ಪಟ್ಟು ಬಾಡಿಗೆಗೆ ಒಂದು ಎತ್ತಿನ ಗಾಡಿ ಸಿಕ್ಕಿತು, ಅದನ್ನೂ ಮಕ್ಕಳೇ ಹೊಡೆಯಬೇಕು, ಗಾಡಿಯವ ನಡೆದು ಬರುತ್ತಾನೆ. ಡಬ್ಬಿಯಲ್ಲಿ ಊಟ ಇತ್ತು, ನೀರು ಇರಲಿಲ್ಲ. ರಾತ್ರಿ ಸುಂಕದ ಕಟ್ಟೆಯಲ್ಲಿ ಕೇಳಿದರೂ ಕೊಡಲಿಲ್ಲ. ಬುತ್ತಿ ಮುಂದಿಟ್ಟುಕೊಂಡು ಉಪವಾಸ ಮಲಗಿದರು. ಹತ್ತು ವರ್ಷ ತುಂಬಿರದ ಆ ಹುಡುಗನಿಗೆ ಒಂದು ಕೊಡ ನೀರು ಗಾಡಿಯಲ್ಲಿ ಇದ್ದಿದ್ದರೆ ಚಳವಳಿಗೆ ಏನು ಕಡಿಮೆ ಆಗುತ್ತಿತ್ತು?

ಅದೇ ಪುಸ್ತಕದಲ್ಲಿ 1934ರ ಪ್ರವಾಸವೂ ಇದೆ. ಅಷ್ಟೊತ್ತಿಗೆ ಅವರು ಬ್ಯಾರಿಸ್ಟರ್, ದುಂಡು ಮೇಜಿನ ಪರಿಷತ್ತಿಗೆ ಹೋಗಿ ಬಂದವರು. ವೇರೂಳದ ಬೌದ್ಧ ಗುಹೆ ನೋಡಬೇಕೆಂದು ಮೂವತ್ತು ಜನ ಕಾರ್ಯಕರ್ತರು ಕೂಡಿ ನಾಸಿಕದಿಂದ ಮೋಟಾರು ಬಸ್ಸಿನಲ್ಲಿ ಹೊರಟರು. ಕಾರ್ಯಕ್ರಮವನ್ನು ಬೇಕಂತಲೇ ಯಾರಿಗೂ ತಿಳಿಸಲಿಲ್ಲ, ಗುರುತು ಗೊತ್ತಾದರೆ ದಾರಿಯಲ್ಲಿ ಕಷ್ಟ ಅಂತ. ಹಾಗಿದ್ದೂ ದೌಲತಾಬಾದ್ ಕೋಟೆಯ ಬಾಗಿಲ ಬಳಿಯ ಹೊಂಡದಲ್ಲಿ ಮುಖ, ಕಾಲು ತೊಳೆದದ್ದಕ್ಕೆ ಗುಂಪು ಕೂಡಿತು. ಕೊನೆಗೆ ಒಳಗೆ ಬಿಟ್ಟರು, ಎಲ್ಲೂ ನೀರು ಮುಟ್ಟದ ಹಾಗೆ ನೋಡಿಕೊಳ್ಳಲು ಒಬ್ಬ ಶಸ್ತ್ರಧಾರಿ ಸಿಪಾಯಿಯನ್ನು ಜೊತೆ ಮಾಡಿ. ದೇಶದ ಸಂವಿಧಾನ ಬರೆಯಲಿದ್ದ ಮನುಷ್ಯ ಗುಹೆ ನೋಡಲು ಹೆಸರು ಮುಚ್ಚಿಕೊಂಡು ಹೋಗಬೇಕಾಯಿತು. ಪ್ರವಾಸ ಅನ್ನುವುದು ನಮ್ಮ ಜನಕ್ಕೆ ಯಾವತ್ತೂ ಬರೀ ಪ್ರವಾಸ ಆಗಿರಲಿಲ್ಲ.

ಟ್ರೇಲರಿನ ದೇಶದಲ್ಲೂ ಕರಿಯರ ಕಥೆ ಬೇರೆ ಇರಲಿಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ವಿಕ್ಟರ್ ಹ್ಯೂಗೊ ಗ್ರೀನ್ ಎಂಬ ಅಂಚೆಯವ 1936ರಿಂದ ಒಂದು ಕೈಪಿಡಿ ತೆಗೆದ, ಗ್ರೀನ್ ಬುಕ್ ಅಂತಾರೆ. ಕರಿಯರಿಗೆ ಯಾವ ಊರಿನಲ್ಲಿ ಯಾರು ಊಟ ಕೊಡುತ್ತಾರೆ, ಯಾರು ಮಲಗಲು ಜಾಗ ಕೊಡುತ್ತಾರೆ, ಎಲ್ಲಿ ಪೆಟ್ರೋಲ್ ಸಿಗುತ್ತದೆ ಅನ್ನುವ ಪಟ್ಟಿ. ಜನ ಆ ಪುಸ್ತಕದ ಜೊತೆ ಊಟ, ನೀರು, ಹೊದಿಕೆ ತುಂಬಿಕೊಂಡು ಹೊರಟು, ಜಾಗ ಸಿಗದಿದ್ದರೆ ಕಾರಿನಲ್ಲೇ ಮಲಗುತ್ತಿದ್ದರು. 1964ರ ನಾಗರಿಕ ಹಕ್ಕು ಕಾಯ್ದೆಗೆ ಹೋರಾಡಿದವರೂ ಅವರೇ. ನೀರು ಕಟ್ಟಿಕೊಂಡು ಹೊರಟವರು ಹೋರಾಟ ಬಿಟ್ಟವರಾಗಿರಲಿಲ್ಲ.

ನಮಗೆ ಸಂವಿಧಾನದ 15ನೇ ವಿಧಿಯಲ್ಲೇ ಇದೆ: ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ, ಎಲ್ಲಿಯೂ ಜಾತಿಯ ಕಾರಣಕ್ಕೆ ತಡೆಯುವಂತಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಊರಿನ ಲಾಡ್ಜಿನಲ್ಲಿ ಕೈಗೆ ಕೀಲಿ ಕೊಟ್ಟಿದ್ದರು. ಆಧಾರ್ ಕಾರ್ಡಿನಲ್ಲಿ ನಮ್ಮ ಕಾಲೊನಿಯ ಹೆಸರು ಓದಿ, "ರೂಮ್ ಬುಕ್ ಆಗೇತ್ರಿ, ನೋಡಿರಲಿಲ್ಲ" ಅಂತ ಕೀಲಿ ವಾಪಸ್ ತೆಗೆದುಕೊಂಡರು. ನಾನು ಜಗಳ ಮಾಡಿದೆ, ದೂರು ಬರೆದೆ, ಅದು ಬೇರೆ ಕಥೆ. ಆದರೆ ಆ ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬೆಳಗು ಮಾಡಿದ್ದು ಏಳು ವರ್ಷದ ಮಗಳು. "ಅಪ್ಪಾ, ಆ ಮಾಮಾ ಕೀಲಿ ಯಾಕ ಕಸಗೊಂಡ?" ಅಂತ ಕೇಳಿದ್ದು ಅವಳು.

ಹಿರಿಯರಿಗೆ ಅದನ್ನೇ ಹೇಳಿದೆ. ಹೋಟೆಲಿಗೂ ಹೋಗ್ತೀನಿ, ಬಾವಿಗೂ ಇಳೀತೀನಿ, ಬೇಕಾದರೆ ಕೇಸೂ ಹಾಕ್ತೀನಿ ಅಣ್ಣಾ. ಅದು ನನ್ನ ಕೆಲಸ. ಆದರೆ ಮಗಳಿಗೆ ನೀರಡಿಕೆ ಆದಾಗ ಅದು ಯಾರದೋ ಮನಸ್ಸು, ಯಾವುದೋ ತೀರ್ಪು ಕಾಯಬಾರದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟಾಕಿಗೆ ಒಳಗ ಪಾಚಿ ಕಟ್ಟಬಾರದು ಅಂದ್ರ ಕರೀದು ತಗೋಬೇಕಿತ್ತು" ಅಂದರು. ಒಪ್ಪಿದರೋ ಇಲ್ಲವೋ ಇನ್ನೂ ಗೊತ್ತಿಲ್ಲ. ಟಾಕಿಗೆ ಕಪ್ಪು ಬಣ್ಣ ಹೊಡೆಸಿದ್ದೇನೆ.

ಆಮೇಲೆ ಬಣ್ಣದ ಗಲಾಟೆ. ಶಾಲೆಯ ಹಳದಿ ತೆಗೆಯಲೇಬೇಕಿತ್ತು. ನೀಲಿ ಅಂತ ಎಲ್ಲರೂ ಒಪ್ಪಿದರು. ಹಿಂದಿನ ಗಾಜಿಗೆ 'ಜೈಭೀಮ್' ಬರೆಸಬೇಕು ಅಂತ ಮಗಳು ಹಟ ಹಿಡಿದಳು. ಹೆಂಡತಿ ಬೇಡ ಅಂದಳು. ಹೆದರಿಕೆಯವಳಲ್ಲ ಅವಳು, ಮೆರವಣಿಗೆಯಲ್ಲಿ ನನಗಿಂತ ಮುಂದೆ ಇರುತ್ತಾಳೆ. "ಹಗಲ ಹೊತ್ತು ನೂರು ಮಂದ್ಯಾಗ ಘೋಷಣೆ ಕೂಗೂದು ಬ್ಯಾರೆ. ನಡುರಾತ್ರಿ ಹೈವೇದಾಗ ಇಬ್ರು ಮುದುಕ್ಯಾರು, ಒಂದು ಹೆಣ್ಣುಮಗಳನ್ನ ಕರಕೊಂಡು ಮಲಗೂದು ಬ್ಯಾರೆ." ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಒಂದು ವಾರ ಗಾಜು ಖಾಲಿ ಇತ್ತು. ಕೊನೆಗೆ ತೀರ್ಮಾನ ಕೊಟ್ಟವಳು ಚಿಗವ್ವ. "ನನ್ನ ಕೊಳ್ಳಾಗ ಕಟ್ಟಿದ್ದನ್ನ ಎಲ್ಲಾರೂ ನೋಡಿದ್ರು, ಯಾರೂ ಮುಚ್ಕೋ ಅನಲಿಲ್ಲ. ಇದನ್ನ ಯಾಕ ಮುಚ್ಚೂದು?" ಮರುದಿನ ಹೆಂಡತಿಯೇ ಗಾಂಧಿ ಚೌಕಿಗೆ ಹೋಗಿ ರೇಡಿಯಂ ಅಕ್ಷರ ಕತ್ತರಿಸಿಕೊಂಡು ಬಂದಳು. ರಾತ್ರಿಯೂ ಹೊಳೆಯುವಂಥದ್ದು!

ಕಾಗದಪತ್ರದ ಮಾತು ಚುಟುಕಾಗಿ. ಸೀಟು ತೆಗೆದರೂ, ಬಣ್ಣ ಬದಲಿಸಿದರೂ ಆರ್.ಟಿ.ಒ. ಒಪ್ಪಿಗೆ ಬೇಕು, ಆರ್.ಸಿ.ಯಲ್ಲಿ ಏರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿಕೊಳ್ಳಿ. ನಮ್ಮವರ ಗಾಡಿ ಅಂದರೆ ಪೊಲೀಸರು ಇನ್ನೊಂದು ಸಲ ಕೈ ಅಡ್ಡ ಹಾಕುತ್ತಾರೆ, ಕಾಗದ ಪಕ್ಕಾ ಇರಲಿ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ತಳಕ್ಕೆ ಕೂರುತ್ತದೆ. ಸಣ್ಣ ಸಿಲಿಂಡರನ್ನು ಹೊರಗಿನಿಂದ ತೆರೆಯುವ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ತಳಕ್ಕೆ ತೂತು ಹಾಕಿದ್ದೇವೆ. ಅಡಿಗೆ ಯಾವಾಗಲೂ ಹೊರಗೆ, ಚಪ್ಪರದ ಕೆಳಗೆ. ಎಂಜಿನ್ ಚಾಲೂ ಇಟ್ಟು ಮಲಗುವುದು ಬೇಡವೇ ಬೇಡ. ಅವ್ವನ ಮೊಣಕಾಲಿಗೆ ಒಂದು ಮಡಚುವ ಕಮೋಡ್ ಕುರ್ಚಿ ಇಟ್ಟಿದ್ದೇವೆ. ಗಂಡಸರು ಪ್ಲಾನ್ ಮಾಡುವಾಗ ಇದು ನೆನಪಾಗುವುದೇ ಇಲ್ಲ, ಹೆಂಗಸರಿಗೆ ಮೊದಲು ನೆನಪಾಗುವುದೇ ಇದು.

ಕಳೆದ ದಸರೆಗೆ ಹೊರಟೆವು, ನಾಗಪುರದ ದೀಕ್ಷಾಭೂಮಿಗೆ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ಧಮ್ಮ ಸ್ವೀಕರಿಸಿದ ದಿನವೂ ವಿಜಯದಶಮಿಯೇ. ಸೊಲ್ಲಾಪುರ, ತುಳಜಾಪುರ, ಲಾತೂರ, ನಾಂದೇಡ, ಯವತ್ಮಾಳ, ವರ್ಧಾ. ಗಾಂಧಿ ಚೌಕಿನಿಂದ ಹೊರಟು, ಗಾಂಧೀಜಿಯ ಸೇವಾಗ್ರಾಮ ಇರುವ ವರ್ಧಾ ದಾಟಿ, ಬಾಬಾಸಾಹೇಬರ ಊರು ಮುಟ್ಟಿದೆವು. ನಗಬ್ಯಾಡ್ರಿ, ದಾರಿ ಇರೂದ ಹಂಗ.

ದಾರಿಯಲ್ಲಿ ಎರಡು ರಾತ್ರಿ, ಎರಡೂ ಲಾರಿಗಳು ನಿಲ್ಲುವ ಪೆಟ್ರೋಲ್ ಬಂಕಿನಲ್ಲಿ. ಮೊದಲ ರಾತ್ರಿ ಹೆಂಡತಿ ನಿದ್ದೆ ಮಾಡಲಿಲ್ಲ, ಗಾಜಿನ ಕಡೆಗೇ ನೋಡುತ್ತಿದ್ದಳು. ಎರಡನೇ ದಿನ ಬೆಳಿಗ್ಗೆ ಒಂದು ಹಳ್ಳಿಯ ಚಹಾದಂಗಡಿಯಲ್ಲಿ ನಮ್ಮ ಗಾಜು ಓದಿದವನು ಬೇರೆ ಪ್ಲಾಸ್ಟಿಕ್ ಕಪ್ಪು ತೆಗೆದ. ನಾನು ಗಾಜಿನ ಗ್ಲಾಸಿನಲ್ಲೇ ಕೊಡು ಅಂದೆ. ಸುತ್ತ ನಾಲ್ಕು ಜನ ನೋ‌ಡುತ್ತಿದ್ದರು, ಕೊಟ್ಟ. ಮಗಳು ಅಷ್ಟೊತ್ತಿಗಾಗಲೇ ನಮ್ಮ ನಳದ ನೀರು ಕುಡಿದು ನೆಟ್ಟಿನ ಕೆಳಗೆ ಆಡುತ್ತಿದ್ದಳು. ನಾನು ಸಮಾಧಾನದಿಂದ ನಿಂತು ಮಾತಾಡಲು ಸಾಧ್ಯವಾಯಿತು, ಯಾಕೆಂದರೆ ಬೆನ್ನ ಹಿಂದೆ ಮಗು ಅಳುತ್ತಿರಲಿಲ್ಲ. ನಾಂದೇಡ ದಾಟಿದ ಮೇಲೆ ಹಿಂದಿನಿಂದ ಬಂದ ಟೆಂಪೊ, ಕ್ರೂಸರುಗಳೆಲ್ಲ ಹಾರ್ನ್ ಹೊಡೆದು "ಜೈಭೀಮ್" ಕೂಗುತ್ತಾ ಮುಂದೆ ಹೋಗುತ್ತಿದ್ದವು. ಅವ್ವ ಕಿಟಕಿಯಿಂದ ಕೈ ಹೊರಗೆ ಹಾಕಿ ಎಲ್ಲರಿಗೂ ಉತ್ತರ ಕೊಡುತ್ತಾ ಗಂಟಲು ಕೆಡಿಸಿಕೊಂಡಳು. ಆ ರಾತ್ರಿ ಹೆಂಡತಿ ಗೊರಕೆ ಹೊಡೆದಳು.

ನಾಗಪುರದಲ್ಲಿ ರಸ್ತೆ ಬದಿಗೆ ನಮ್ಮಂಥ ಗಾಡಿಗಳ ಸಾಲು. ಟ್ರಕ್ಕಿಗೆ ತಾಡಪತ್ರಿ ಕಟ್ಟಿ ಮಲಗಿದವರು, ಫುಟ್‌ಪಾತಿನಲ್ಲಿ ಹಾಸಿಕೊಂಡವರು, ಪುಸ್ತಕದ ಅಂಗಡಿ, ದಾಸೋಹದ ಸಾಲು. ಪಕ್ಕದ ಗಾಡಿಯವರು ನಮ್ಮ ಹೊರಗಿನ ನಳ ನೋಡಿ ಬಾಟಲಿ ತಂದರು, ಅವರ ನಂತರ ಇನ್ನೊಬ್ಬರು. ಸಂಜೆಯೊಳಗೆ ಒಂದು ಟಾಕಿ ಖಾಲಿ. ಚಿಗವ್ವ ಹೊರಗೆ ಕುರ್ಚಿ ಹಾಕಿಕೊಂಡು ನಳದ ಹತ್ತಿರವೇ ಕೂತಿದ್ದಳು. ಬಂದವರಿಗೆಲ್ಲ ತಾನೇ ತಿರುವಿ ಕೊಡುತ್ತಿದ್ದಳು, ಮರಾಠಿ ಬರುವುದಿಲ್ಲ, ಕನ್ನಡದಲ್ಲೇ "ಹಿಡೀರಿ, ಹಿಡೀರಿ" ಅನ್ನುತ್ತಾ. ಯಾರೂ ಅವಳನ್ನು ನೀವು ಯಾವ ಮಂದಿ ಅಂತ ಕೇಳಲಿಲ್ಲ, ಅವಳೂ ಯಾರನ್ನೂ ಕೇಳಲಿಲ್ಲ.

ಈ ಸಲ ಡಿಸೆಂಬರ್ ರಜೆಗೆ ವೇರೂಳದ ಗುಹೆಗೆ ಹೋಗುವುದು ಅಂತ ಆಗಿದೆ, ದೌಲತಾಬಾದ್ ದಾರಿಯಲ್ಲೇ. ಆದರೆ ಬರುವಾಗ ಹಿಂದಿನ ಎಡಗಡೆಯ ಪಾಟಾ ಒಂದು ಎಲೆ ಮುರಿದಿದೆ. 2008ರ ಮಾಡೆಲ್‌ದು, ಸೆಕೆಂಡ್‌ಹ್ಯಾಂಡ್ ಆದರೂ ನಡೀತದ, ವಿಜಯಪುರ, ಇಂಡಿ, ಜಮಖಂಡಿ ಕಡೆ ಯಾರ ಗ್ಯಾರೇಜಿನಲ್ಲಾದರೂ ಇದ್ದರೆ ಇನ್‌ಬಾಕ್ಸಿಗೆ ಹಾಕ್ರಿ. ರೇಟೂ ಬರೀರಿ.

ಜೈಭೀಮ್.